ಶ್ವಾಸಕೋಶದಲ್ಲಿ ದಿಢೀರ್ ನೀರು: ಜೆ81.0 ಹಾಕುವ ಮೊದಲು ಚಾರ್ಟ್ ಓದುವ ಕ್ರಮ

ರೋಗಿಯ ಚಾರ್ಟ್‌ನಲ್ಲಿ 'ಅಕ್ಯೂಟ್ ಪಲ್ಮನರಿ ಎಡಿಮಾ' (ಶ್ವಾಸಕೋಶದಲ್ಲಿ ದಿಢೀರನೆ ನೀರು ತುಂಬುವುದು) ಎಂದು ಕಂಡ ಕೂಡಲೇ ಕೋಡ್ ಹುಡುಕುವ ತಂತ್ರಾಂಶವಾದ ಎನ್‌ಕೋಡರ್‌ನಲ್ಲಿ ಟೈಪ್ ಮಾಡಿ ಅದರ ಕೋಡ್ ಜೆ81.0 ಎತ್ತಿಕೊಳ್ಳಲು ಐದು ಸೆಕೆಂಡು ಸಾಕು. ಆಡಿಟ್‌ನಲ್ಲಿ ಸುಲಭವಾಗಿ ಉರುಳುವ ಕೋಡ್‌ಗಳಲ್ಲಿ ಇದೂ ಒಂದು. ನೀರು ಶ್ವಾಸಕೋಶದಲ್ಲಿದೆ ಎಂದಷ್ಟೇ ಗೊತ್ತಾದರೆ ಕೋಡ್ ಸಿಗುವುದಿಲ್ಲ. ಅದು ಎಲ್ಲಿಂದ ಬಂತು ಎಂಬುದು ಗೊತ್ತಾಗಬೇಕು. ಹೃದಯ ಸೋತು ನೀರು ಹಿಂದಕ್ಕೆ ತುಂಬಿಕೊಂಡಿದ್ದರೆ ಜೆ81.0 ಬರುವುದೇ ಇಲ್ಲ. ಹೃದಯಕ್ಕೆ ಸಂಬಂಧವಿಲ್ಲದಿದ್ದರೆ ಮಾತ್ರ ಅದರ ಸರದಿ. ಈ ತೀರ್ಮಾನ ಚಾರ್ಟ್ ಓದಿ ಕಾಯಿಲೆಗೆ ಕೋಡ್ ಹಾಕುವ ಕೋಡರ್‌ನದಲ್ಲ, ರೋಗಿಯನ್ನು ನೋಡಿದ ವೈದ್ಯರದು. ಅವರು ಬರೆದದ್ದನ್ನು ಹುಡುಕಿ ತೆಗೆಯುವುದು, ಬರೆದಿಲ್ಲದಿದ್ದರೆ ಕೇಳುವುದು ಕೋಡರ್ ಕೆಲಸ.

ಇಲ್ಲಿ ಹೇಳುತ್ತಿರುವುದು ಅಮೆರಿಕದ ಆಸ್ಪತ್ರೆಗಳ ಇನ್‌ಪೇಶಂಟ್ ಚಾರ್ಟ್‌ಗಳ ಬಗ್ಗೆ. ಬೆಂಗಳೂರಿನಲ್ಲಿ ಕೂತು ಕೋಡಿಂಗ್ ಮಾಡುವ ಬಹಳಷ್ಟು ಮಂದಿಯ ಕೈಗೆ ಬರುವುದು ಅವೇ. ಕೋಡ್ ಪುಸ್ತಕ ಐಸಿಡಿ-10-ಸಿಎಂ, 2015ರ ಅಕ್ಟೋಬರ್ 1ರಿಂದ ಅಲ್ಲಿ ಜಾರಿಯಲ್ಲಿದೆ. ಪ್ರತಿ ವರ್ಷ ಅಕ್ಟೋಬರ್ 1ಕ್ಕೆ ಹೊಸ ಆವೃತ್ತಿ ಬರುತ್ತದೆ, ಈಚೆಗೆ ಏಪ್ರಿಲ್ 1ಕ್ಕೂ ಬದಲಾವಣೆಗಳಿರುತ್ತವೆ. ಯಾವ ಆವೃತ್ತಿ ಹಿಡಿಯಬೇಕು ಎನ್ನುವುದನ್ನು ಡಿಸ್ಚಾರ್ಜ್ ತಾರೀಕು ಹೇಳುತ್ತದೆ, ನೀವು ಕೋಡ್ ಮಾಡುವ ದಿನವಲ್ಲ.

ಒಳಗಿನ ನೀರೋ, ಸುತ್ತಲಿನ ನೀರೋ

ಮನೆಯವರು 'ಎದೆಯಲ್ಲಿ ನೀರು ತುಂಬಿದೆ' ಎನ್ನುವ ಮಾತು ಎರಡು ಬೇರೆ ಕಾಯಿಲೆಗಳಿಗೆ ಸಲ್ಲುತ್ತದೆ. ಒಂದು, ಶ್ವಾಸಕೋಶದ ಗಾಳಿಗೂಡುಗಳ ಒಳಗೇ ನೀರು ಸೇರುವುದು. ಇದು ಪಲ್ಮನರಿ ಎಡಿಮಾ. ಇನ್ನೊಂದು, ಶ್ವಾಸಕೋಶದ ಹೊರಗೆ, ಎರಡು ಪೊರೆಗಳ ನಡುವೆ ನೀರು ನಿಲ್ಲುವುದು. ಇದು ಪ್ಲೂರಲ್ ಎಫ್ಯೂಶನ್. ಎರಡನೆಯದನ್ನು ಸೂಜಿ ಚುಚ್ಚಿ ತೆಗೆಯಬಹುದು. ಮೊದಲನೆಯದಕ್ಕೆ ಸೂಜಿ ಪ್ರಯೋಜನವಿಲ್ಲ. ಫ್ಯುರೋಸೆಮೈಡ್ ಕೊಟ್ಟು ಮೂತ್ರದಲ್ಲಿ ಕಳೆಯಬೇಕು, ಮುಖವಾಡದಿಂದ ಒತ್ತಡದ ಗಾಳಿ ಕೊಡುವ ಬೈಪ್ಯಾಪ್ ಹಾಕಬೇಕು, ಇಲ್ಲವೇ ಡಯಾಲಿಸಿಸ್.

ಕೋಡ್‌ಗಳೂ ಬೇರೆ. ಎಫ್ಯೂಶನ್‌ಗೆ ಜೆ90, ಬೇರೆ ಕಾಯಿಲೆಯಿಂದ ಬಂದದ್ದಾದರೆ ಆ ಕಾಯಿಲೆಯ ನಂತರ ಜೆ91.8. ಹಾರ್ಟ್ ಫೇಲ್ಯೂರ್ (ಹೃದಯದ ಸೋಲು) ಜೊತೆ ಸಣ್ಣ ಎಫ್ಯೂಶನ್ ಸಾಮಾನ್ಯ, ಅದನ್ನು ಬೇರೆಯಾಗಿ ಕೋಡ್ ಮಾಡುವ ರೂಢಿಯಿಲ್ಲ. ಅದಕ್ಕೆಂದೇ ಸೂಜಿ ಹಾಕಿ ನೀರು ತೆಗೆದಿದ್ದರೆ, ಪ್ರತ್ಯೇಕವಾಗಿ ತಪಾಸಣೆ ಮಾಡಿದ್ದರೆ ಮಾತ್ರ ಸೇರಿಸಿ. ಎಕ್ಸ್‌ರೇ ವರದಿಯಲ್ಲಿ ಎರಡೂ ಒಂದೇ ವಾಕ್ಯದಲ್ಲಿ ಬರುವುದರಿಂದ ಕಣ್ತಪ್ಪುವುದು ಸುಲಭ.

ಯಾವ ಕ್ರಮದಲ್ಲಿ ಓದಬೇಕು

ಡಿಸ್ಚಾರ್ಜ್ ಸಮ್ಮರಿಯಿಂದ ಶುರು ಮಾಡುವ ಅಭ್ಯಾಸ ವೇಗಕ್ಕೆ ಒಳ್ಳೆಯದು, ಈ ಕಾಯಿಲೆಗೆ ಕೆಟ್ಟದ್ದು. ಮೂರನೇ ದಿನದ ಹೊತ್ತಿಗೆ ರೋಗಿ ಆರಾಮಾಗಿ ಕೂತಿರುತ್ತಾನೆ, ಸಮ್ಮರಿ ಬರೆಯುವವರು 'ಸಿಎಚ್‌ಎಫ್, ಇಂಪ್ರೂವ್ಡ್' (ಹಾರ್ಟ್ ಫೇಲ್ಯೂರ್, ಸುಧಾರಿಸಿದೆ) ಎಂದು ಮುಗಿಸಿರುತ್ತಾರೆ. ಬಂದ ಗಳಿಗೆಯ ಚಿತ್ರ ಎಮರ್ಜೆನ್ಸಿ ನೋಟ್‌ನಲ್ಲಿರುತ್ತದೆ.

ಅಲ್ಲಿ ಮೊದಲು ಉಸಿರಿನ ವೇಗ, ಆಮ್ಲಜನಕದ ಮಟ್ಟ, ರಕ್ತದೊತ್ತಡ, ಎರಡೂ ಬದಿ ಕ್ರೆಪಿಟೇಶನ್ (ಸ್ಟೆತಸ್ಕೋಪ್‌ನಲ್ಲಿ ಕೇಳುವ ಚಟಚಟ ಸದ್ದು) ಇತ್ತೇ, ಗುಲಾಬಿ ಬಣ್ಣದ ನೊರೆ ಕಫ ಇತ್ತೇ ಎಂದು ಗುರುತು ಹಾಕಿಕೊಳ್ಳಿ. ಬಳಿಕ ಎದೆಯ ಎಕ್ಸ್‌ರೇ: ಕರ್ಲಿ ಬಿ ಗೆರೆಗಳು (ಅಂಚಿನ ಸಣ್ಣ ಅಡ್ಡ ಗೆರೆಗಳು), ಬಾವಲಿ ರೆಕ್ಕೆಯ ಹಾಗೆ ಎರಡೂ ಬದಿ ಹರಡಿದ ಬಿಳುಪು, ಹೃದಯದ ಗಾತ್ರ. ಹೃದಯಕ್ಕೆ ಹೊರೆಯಾದಾಗ ರಕ್ತದಲ್ಲಿ ಏರುವ ಬಿಎನ್‌ಪಿ 100ಕ್ಕಿಂತ ಕಡಿಮೆ ಇದ್ದರೆ ಹಾರ್ಟ್ ಫೇಲ್ಯೂರ್ ಇರುವ ಸಾಧ್ಯತೆ ಕುಗ್ಗುತ್ತದೆ. ಆದರೆ ಕಿಡ್ನಿ ಕೆಟ್ಟವರಲ್ಲಿ ಹೃದಯದ ಕಾರಣವಿಲ್ಲದೆಯೂ ಬಿಎನ್‌ಪಿ ಏರುತ್ತದೆ. ಎಕೋದಲ್ಲಿ ಇಜೆಕ್ಷನ್ ಫ್ರಾಕ್ಷನ್ (ಪ್ರತಿ ಬಡಿತಕ್ಕೆ ಎಡ ಕುಹರ ಹೊರದೂಡುವ ರಕ್ತದ ಪಾಲು) ಎಷ್ಟಿದೆ ನೋಡಿ. ಔಷಧದ ದಾಖಲೆಯಲ್ಲಿ ಫ್ಯುರೋಸೆಮೈಡ್ ಎಷ್ಟು ಮಿಲಿಗ್ರಾಂ, ನರಕ್ಕೋ ಬಾಯಿಗೋ, ನೈಟ್ರೋಗ್ಲಿಸರಿನ್ ಡ್ರಿಪ್ ಇತ್ತೋ ನೋಡಿ. ಇನ್‌ಟೇಕ್-ಔಟ್‌ಪುಟ್ ಚಾರ್ಟ್‌ ಬಿಡಬೇಡಿ. ಎಷ್ಟು ಲೀಟರ್ ಸಲೈನ್ ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎನ್ನುವುದು ಕೆಲವೊಮ್ಮೆ ಇಡೀ ಕಥೆಯನ್ನು ಹೇಳಿಬಿಡುತ್ತದೆ.

ಇವುಗಳಲ್ಲಿ ಯಾವುದನ್ನೂ ನೋಡಿ ನೀವೇ ಕೋಡ್ ಹಾಕುವಂತಿಲ್ಲ. ಇನ್‌ಪೇಶಂಟ್ ಚಾರ್ಟ್‌ನಲ್ಲಿ ರೇಡಿಯಾಲಜಿಸ್ಟ್ ಒಬ್ಬರೇ 'ಪಲ್ಮನರಿ ಎಡಿಮಾ' ಎಂದಿದ್ದರೆ, ಚಿಕಿತ್ಸೆ ಕೊಟ್ಟ ವೈದ್ಯರು ಅದನ್ನು ಎತ್ತಿಯೇ ಇಲ್ಲದಿದ್ದರೆ, ಅದು ಕೋಡ್ ಆಗುವುದಿಲ್ಲ. ಎಕ್ಸ್‌ರೇಯ 'ವ್ಯಾಸ್ಕ್ಯುಲರ್ ಕಂಜೆಶನ್' ಎಂಬ ಪದವನ್ನು ಎಡಿಮಾ ಎಂದು ಓದಿಕೊಳ್ಳುವುದೂ ಇದೇ ಜಾತಿಯ ತಪ್ಪು. ಗುರುತು ಹಾಕಿಟ್ಟ ಅಂಶಗಳು ಮುಂದೆ ವೈದ್ಯರಿಗೆ ಕಳಿಸುವ ಕ್ವೆರಿಗೆ (ಲಿಖಿತ ಪ್ರಶ್ನೆಗೆ), ಕ್ಲೇಮ್ ತಿರಸ್ಕೃತವಾದಾಗ ಉತ್ತರಕ್ಕೆ ಬೇಕಾಗುತ್ತವೆ.

ಹೃದಯದ್ದಾದರೆ

ಜೆ81ರ ಕೆಳಗಿನ ಎಕ್ಸ್‌ಕ್ಲೂಡ್ಸ್1 ಟಿಪ್ಪಣಿ (ಜೊತೆಗೆ ಹಾಕಬಾರದ ಕೋಡ್‌ಗಳನ್ನು ಹೇಳುವುದು) ನೇರವಾಗಿಯೇ ಇದೆ: ಹೃದ್ರೋಗ ಅಥವಾ ಹಾರ್ಟ್ ಫೇಲ್ಯೂರ್ ಜೊತೆಗಿನ ಪಲ್ಮನರಿ ಎಡಿಮಾ ಐ50.1ಕ್ಕೆ ಹೋಗುತ್ತದೆ. ಐ50.1 ಎಂದರೆ ಎಡ ಕುಹರದ ಸೋಲು, ವಿಧ ತಿಳಿಯದ್ದು. ಅಲ್ಲಿಗೇ ನಿಲ್ಲಬೇಡಿ. ವೈದ್ಯರು ಸಿಸ್ಟಾಲಿಕ್ (ಹೃದಯ ಹಿಂಡುವ ಶಕ್ತಿ ಕುಗ್ಗಿದ್ದು) ಎಂದಿದ್ದರೆ ಐ50.2, ಡಯಾಸ್ಟಾಲಿಕ್ (ಸಡಿಲಗೊಂಡು ತುಂಬಿಕೊಳ್ಳಲು ಆಗದ್ದು) ಎಂದಿದ್ದರೆ ಐ50.3, ಎರಡೂ ಎಂದಿದ್ದರೆ ಐ50.4. ಕೊನೆಯ ಅಂಕಿ ಅವಸ್ಥೆಯನ್ನು ಹೇಳುತ್ತದೆ: 0 ತಿಳಿಯದ್ದು, 1 ಅಕ್ಯೂಟ್, 2 ಕ್ರಾನಿಕ್ (ದೀರ್ಘಕಾಲದ್ದು), 3 ಹಳೆಯದರ ಮೇಲೆ ಹೊಸದಾಗಿ ಕೆರಳಿದ್ದು. 'ಕ್ರಾನಿಕ್ ಸಿಸ್ಟಾಲಿಕ್ ಹಾರ್ಟ್ ಫೇಲ್ಯೂರ್, ಡಿಕಂಪೆನ್ಸೇಟೆಡ್' ಎಂದು ಬರೆದಿದ್ದರೆ ಐ50.23. ಎಚ್‌ಎಫ್‌ಪಿಇಎಫ್ ಎಂಬ ಸಂಕ್ಷೇಪ ಡಯಾಸ್ಟಾಲಿಕ್‌ಗೆ, ಎಚ್‌ಎಫ್‌ಆರ್‌ಇಎಫ್ ಸಿಸ್ಟಾಲಿಕ್‌ಗೆ ಸಮ. ಎಕೋದಲ್ಲಿ ಫ್ರಾಕ್ಷನ್ ಶೇ. 30 ಇದೆ ಎಂದು ನೀವೇ ಸಿಸ್ಟಾಲಿಕ್ ಎನ್ನಬಾರದು.

ಹೀಗೆ ವಿಧದ ಸಮೇತ ಹಾರ್ಟ್ ಫೇಲ್ಯೂರ್ ಕೋಡ್ ಸಿಕ್ಕ ಮೇಲೆ ಪಲ್ಮನರಿ ಎಡಿಮಾ ಅದರೊಳಗೇ ಸೇರಿಹೋಗುತ್ತದೆ. ಬೇರೆ ಕೋಡ್ ಇಲ್ಲ. ಉಬ್ಬಸ, ಕಾಲಿನ ಊತ ಕೂಡ ಹಾಗೆಯೇ.

ಇಲ್ಲಿ ದುಡ್ಡಿನ ಎಳೆತ ಇದೆ, ಅದನ್ನು ತಿಳಿದಿರುವುದು ಒಳ್ಳೆಯದು. ಜೆ81.0 ಎಂಸಿಸಿ (ದರ ಏರಿಸುವ ಗಂಭೀರ ಜೊತೆ ಕಾಯಿಲೆ) ಪಟ್ಟಿಯಲ್ಲಿದೆ. ಹಾರ್ಟ್ ಫೇಲ್ಯೂರ್ ಪ್ರಿನ್ಸಿಪಲ್ (ದಾಖಲಾತಿಗೆ ಮುಖ್ಯ ಕಾರಣ) ಆಗಿರುವ ಚಾರ್ಟ್‌ಗಳು 291, 292, 293 ಎಂಬ ಡಿಆರ್‌ಜಿಗಳಲ್ಲಿ (ಪಾವತಿ ದರ ಹೇಳುವ ಗುಂಪುಗಳಲ್ಲಿ) ಬೀಳುತ್ತವೆ. ಎಂಸಿಸಿ ಇದ್ದರೆ 291. ಸೇರಿಸಬಾರದ ಜೆ81.0 ಅನ್ನು ಸೇರಿಸಿದರೆ ಚಾರ್ಟ್ ಮೇಲಿನ ದರಕ್ಕೆ ಜಿಗಿಯಬಹುದು. ಪಾವತಿದಾರರ ಆಡಿಟ್ ತಂಡಗಳಿಗೆ ಈ ಜೋಡಿ ಬಾಯಿಪಾಠ. ಕೋಡರ್ ಉದ್ದೇಶಪೂರ್ವಕ ಮಾಡಿಲ್ಲ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಬಿಪಿ ಇರುವ ರೋಗಿಯಾದರೆ ಇನ್ನೊಂದು ಮೆಟ್ಟಿಲಿದೆ. ಬಿಪಿ ಮತ್ತು ಹಾರ್ಟ್ ಫೇಲ್ಯೂರ್ ಒಟ್ಟಿಗಿದ್ದರೆ ಸಂಬಂಧವಿದೆ ಎಂದೇ ಕೋಡಿಂಗ್ ಗೈಡ್‌ಲೈನ್ ಭಾವಿಸುತ್ತದೆ, ವೈದ್ಯರು ಇಲ್ಲ ಎಂದಿದ್ದರೆ ಹೊರತು. ಮೊದಲು ಐ11.0, ಬಳಿಕ ಐ50ರ ಕೋಡ್. ಕಿಡ್ನಿಯ ದೀರ್ಘ ಕಾಯಿಲೆಯೂ ಇದ್ದರೆ ಐ13.0, ಅದು ಐದನೇ ಹಂತ ಅಥವಾ ಡಯಾಲಿಸಿಸ್ ಹಂತಕ್ಕೆ ಮುಟ್ಟಿದ್ದರೆ ಐ13.2, ಜೊತೆಗೆ ಎನ್18ರ ಹಂತ. ಬಿಪಿ ವಿಪರೀತ ಏರಿ ಶ್ವಾಸಕೋಶ ತುಂಬಿದ್ದನ್ನು ವೈದ್ಯರು 'ಹೈಪರ್‌ಟೆನ್ಸಿವ್ ಎಮರ್ಜೆನ್ಸಿ' ಎಂದು ಬರೆದಿದ್ದರೆ ಐ16.1 ಕೂಡ ಬರುತ್ತದೆ. 220 ಎಂಬ ಅಂಕಿಯನ್ನಷ್ಟೇ ನೋಡಿ ಹಾಕುವುದಲ್ಲ.

'ಫ್ಲ್ಯಾಶ್ ಪಲ್ಮನರಿ ಎಡಿಮಾ' ಎಂಬ ಮಾತಿನ ಬಗ್ಗೆ ಎಚ್ಚರವಿರಲಿ. 'ಫ್ಲ್ಯಾಶ್' ಎಷ್ಟು ಬೇಗ ಆಯಿತು ಎನ್ನುತ್ತದೆಯೇ ಹೊರತು ಏಕೆ ಆಯಿತು ಎನ್ನುವುದಿಲ್ಲ. ಹೃದಯದ ಹಿನ್ನೆಲೆ ಇರುವ ರೋಗಿಯಲ್ಲಿ ಈ ಪದ ಒಂಟಿಯಾಗಿ ನಿಂತಿದ್ದರೆ ಅದು ಕ್ವೆರಿಗೆ ಕರೆ ಎಂದೇ ತಿಳಿಯಿರಿ.

ಹೃದಯದ್ದಲ್ಲದಿದ್ದರೆ

ವೈದ್ಯರು 'ನಾನ್-ಕಾರ್ಡಿಯೋಜೆನಿಕ್' ಎಂದು ಬರೆದಿದ್ದರೂ ಜೆ81.0 ತಾನಾಗಿ ಬರುವುದಿಲ್ಲ. ಹಲವು ಕಾರಣಗಳಿಗೆ ಸ್ವಂತ ಕೋಡ್‌ಗಳಿವೆ. ರಾಸಾಯನಿಕ, ಅನಿಲ, ಹೊಗೆ ಉಸಿರಾಡಿ ಆದದ್ದು ಜೆ68.1, ಅದಕ್ಕೂ ಮೊದಲು ಯಾವ ವಸ್ತು ಎಂದು ಹೇಳುವ ಟಿ ಕೋಡ್. ಎತ್ತರದ ಬೆಟ್ಟಕ್ಕೆ ಏರಿ ಆದದ್ದಕ್ಕೆ ಇಂಡೆಕ್ಸ್ ಟಿ70.29ಕ್ಕೆ ಕಳಿಸುತ್ತದೆ. ನೀರಿನಲ್ಲಿ ಮುಳುಗಿ ಬದುಕಿದವರಿಗೆ ಟಿ75.1. ಈ ಎರಡಕ್ಕೂ ಚಿಕಿತ್ಸೆಯ ಹಂತ ಹೇಳುವ ಏಳನೇ ಅಕ್ಷರ ಬೇಕು, ಮರೆತರೆ ಕ್ಲೇಮ್ ಅಲ್ಲೇ ನಿಲ್ಲುತ್ತದೆ. ರಕ್ತ ಕೊಟ್ಟ ಮೇಲೆ ಆದದ್ದಾದರೆ ಎರಡು ದಾರಿ: ರಕ್ತದ ಪ್ರಮಾಣವೇ ಹೆಚ್ಚಾಗಿ ಹೊರೆಯಾದದ್ದು ಟಾಕೋ, ಇ87.71, ಶ್ವಾಸಕೋಶಕ್ಕೆ ಪ್ರತಿಕ್ರಿಯೆಯಾಗಿ ಪೆಟ್ಟಾದದ್ದು ಟ್ರಾಲಿ, ಜೆ95.84. ಎಆರ್‌ಡಿಎಸ್ (ಉಸಿರಾಟದ ತೀವ್ರ ಸಂಕಷ್ಟದ ಸ್ಥಿತಿ) ಎಂದಿದ್ದರೆ ಜೆ80. ಗರ್ಭಿಣಿ ಅಥವಾ ಬಾಣಂತಿಯಾದರೆ ಹದಿನೈದನೇ ಅಧ್ಯಾಯದ ಓ ಕೋಡ್‌ಗಳಿಗೇ ಮೊದಲ ಮರ್ಯಾದೆ.

ಇವೆಲ್ಲ ಕಳೆದು ಉಳಿದದ್ದು ಜೆ81.0: ತಲೆಗೆ ತೀವ್ರ ಪೆಟ್ಟು ಬಿದ್ದ ಮೇಲಿನ ನ್ಯೂರೋಜೆನಿಕ್ ಎಡಿಮಾ, ಕಿಡ್ನಿ ಕೆಟ್ಟು ಮೈಯಲ್ಲಿ ನೀರು ನಿಂತು ಆದದ್ದು, ಇಂಥವು. 'ಅಕ್ಯೂಟ್' ಎಂಬ ಒಂದು ಪದ ಇಲ್ಲದೆ ಬರಿ 'ಪಲ್ಮನರಿ ಎಡಿಮಾ' ಎಂದಿದ್ದರೆ ಕೋಡ್ ಜೆ81.1ಕ್ಕೆ ಇಳಿಯುತ್ತದೆ, ಏಕೆಂದರೆ ಅವಸ್ಥೆ ಹೇಳದ್ದನ್ನು ಪುಸ್ತಕ ಕ್ರಾನಿಕ್ ಜೊತೆಗೇ ಇಟ್ಟಿದೆ. ರೋಗಿ ಬೈಪ್ಯಾಪ್ ಮೇಲೆ ಐಸಿಯುನಲ್ಲಿದ್ದರೂ ಅಷ್ಟೇ. ಜೆ81ರಲ್ಲಿ ತಂಬಾಕಿನ ಹೆಚ್ಚುವರಿ ಕೋಡ್ ಹಾಕಿ ಎಂಬ ಸೂಚನೆಯೂ ಇದೆ: ಚಟ ಇದ್ದರೆ ಎಫ್17, ಹಿಂದೆ ಇದ್ದು ಬಿಟ್ಟಿದ್ದರೆ ಝೆಡ್87.891.

ಡಯಾಲಿಸಿಸ್ ರೋಗಿ: ಒಂದು ಚಾರ್ಟ್ ಹತ್ತಿರದಿಂದ

ಹೆಚ್ಚು ಎಡವುವುದು ಇಲ್ಲಿ. ಮಾದರಿಗೆ ಒಂದು ಕಲ್ಪಿತ ಚಾರ್ಟ್: 61 ವರ್ಷ, ವಾರಕ್ಕೆ ಮೂರು ಡಯಾಲಿಸಿಸ್, ಬಿಪಿ ಇದೆ. ಎರಡು ಬಾರಿ ಹೋಗಿಲ್ಲ. ರಾತ್ರಿ ಉಸಿರುಕಟ್ಟಿ ಬಂದಿದ್ದಾರೆ. ಸಮ್ಮರಿಯ ಸಾಲು: 'ಡಯಾಲಿಸಿಸ್ ತಪ್ಪಿಸಿದ್ದರಿಂದ ಫ್ಲೂಯಿಡ್ ಓವರ್‌ಲೋಡ್, ಅಕ್ಯೂಟ್ ನಾನ್-ಕಾರ್ಡಿಯೋಜೆನಿಕ್ ಪಲ್ಮನರಿ ಎಡಿಮಾ. ತುರ್ತು ಡಯಾಲಿಸಿಸ್ ಮಾಡಲಾಯಿತು.' ಹಾರ್ಟ್ ಫೇಲ್ಯೂರ್ ಎಲ್ಲೂ ಇಲ್ಲ.

ಇಲ್ಲಿ ಜೆ81.0 ಬರುತ್ತದೆ, ಇ87.70 ಬರುತ್ತದೆ, ಬಿಪಿ-ಕಿಡ್ನಿ ಜೋಡಿಗೆ ಐ12.0, ಹಂತಕ್ಕೆ ಎನ್18.6, ಡಯಾಲಿಸಿಸ್ ಅವಲಂಬನೆಗೆ ಝೆಡ್99.2. ತಪ್ಪಿಸಿದ್ದಕ್ಕೂ ಕೋಡ್ ಇದೆ: ಹಿಂದಿನ ಝೆಡ್91.15 ಅನ್ನು 2023ರ ಅಕ್ಟೋಬರ್‌ನಿಂದ ಒಡೆದು, ದುಡ್ಡಿನ ತೊಂದರೆಯಿಂದಾದರೆ ಝೆಡ್91.151, ಬೇರೆ ಕಾರಣಕ್ಕಾದರೆ ಝೆಡ್91.158 ಎಂದು ಮಾಡಿದ್ದಾರೆ. ಕಾರಣ ಎಷ್ಟೋ ಸಲ ನರ್ಸ್ ಅಥವಾ ಸೋಶಿಯಲ್ ವರ್ಕರ್ ನೋಟ್‌ನಲ್ಲಿ ಸಿಗುತ್ತದೆ. ಪ್ರಿನ್ಸಿಪಲ್ ಯಾವುದು, ಜೆ81.0 ಅಥವಾ ಇ87.70? ದಾಖಲಾತಿಗೆ ಕಾರಣವಾದದ್ದು, ಚಿಕಿತ್ಸೆ ಗುರಿಯಿಟ್ಟದ್ದು ಯಾವುದು ಎಂದು ವೈದ್ಯರ ಬರಹದಿಂದ ತೋರಿಸಲು ಆಗಬೇಕು. ಡಿಆರ್‌ಜಿ ನೋಡಿ ಹಿಂದಿನಿಂದ ಲೆಕ್ಕ ಹಾಕುವುದು ಬೇಡ.

ಈಗ ಅದೇ ಚಾರ್ಟ್‌ನ ಹಳೆಯ ಕಾಯಿಲೆಗಳ ಪಟ್ಟಿಗೆ 'ಕ್ರಾನಿಕ್ ಡಯಾಸ್ಟಾಲಿಕ್ ಹಾರ್ಟ್ ಫೇಲ್ಯೂರ್' ಎಂಬ ನಾಲ್ಕು ಪದ ಸೇರಿಸಿ ನೋಡಿ. ಐ12.0 ಹೋಗಿ ಐ13.2 ಬಂತು, ಐ50.32 ಬಂತು, ಎಕ್ಸ್‌ಕ್ಲೂಡ್ಸ್1 ಎದುರು ನಿಂತಿತು. ಎರಡು ಸ್ಥಿತಿಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದಾದರೆ ಎಕ್ಸ್‌ಕ್ಲೂಡ್ಸ್1ಕ್ಕೆ ವಿನಾಯಿತಿ ಇದೆ. ನೀರು ಡಯಾಲಿಸಿಸ್ ತಪ್ಪಿದ್ದರಿಂದಲೇ ಬಂತು, ಹೃದಯ ಕೆರಳಿರಲಿಲ್ಲ ಎಂದು ವೈದ್ಯರು ಸ್ಪಷ್ಟವಾಗಿ ಬರೆದಿದ್ದರೆ ಜೆ81.0 ಉಳಿಸಿಕೊಳ್ಳಬಹುದು. 'ನಾನ್-ಕಾರ್ಡಿಯೋಜೆನಿಕ್' ಎಂಬ ಪದವೂ ಇಲ್ಲದಿದ್ದರೆ ಊಹೆ ಬೇಡ, ಕೇಳಿ.

ಉಸಿರಾಟದ ಸೋಲು ಬೇರೆ ಲೆಕ್ಕ

ಅಕ್ಯೂಟ್ ರೆಸ್ಪಿರೇಟರಿ ಫೇಲ್ಯೂರ್ ಎಡಿಮಾದೊಳಗೆ ಅಡಗುವುದಿಲ್ಲ. ವೈದ್ಯರು ಬರೆದಿದ್ದರೆ ಆಮ್ಲಜನಕ ಕಡಿಮೆಯಾದದ್ದಕ್ಕೆ ಜೆ96.01, ಇಂಗಾಲದ ಡೈಆಕ್ಸೈಡ್ ಏರಿದ್ದಕ್ಕೆ ಜೆ96.02. ಆದರೆ ಬರಹಕ್ಕೆ ಆಧಾರ ಬೇಕು. ಸಾಮಾನ್ಯವಾಗಿ ನೋಡುವುದು: ರೂಮ್ ಏರ್‌ನಲ್ಲಿ ಆಮ್ಲಜನಕದ ಒತ್ತಡ 60ಕ್ಕಿಂತ ಕಡಿಮೆ, ಅಥವಾ ಡೈಆಕ್ಸೈಡ್ 50ಕ್ಕಿಂತ ಹೆಚ್ಚಿದ್ದು ಪಿಎಚ್ 7.35ಕ್ಕಿಂತ ಕೆಳಗೆ. ಆಮ್ಲಜನಕ ಹಚ್ಚಿದ ಮೇಲಿನ ಎಬಿಜಿ (ರಕ್ತದ ಅನಿಲ ಪರೀಕ್ಷೆ) ಮಾತ್ರ ಇದ್ದರೆ ಪಿ-ಎಫ್ ಅನುಪಾತ ತೆಗೆಯಿರಿ. ಶೇ. 40 ಆಮ್ಲಜನಕದಲ್ಲಿ ಒತ್ತಡ 72 ಬಂದಿದೆ ಎಂದುಕೊಳ್ಳಿ: 72 ಭಾಗಿಸು 0.40, ಅಂದರೆ 180. ಅಂಕಿ 72 ಎಂದು ನೋಡಿ ಪರವಾಗಿಲ್ಲ ಎನಿಸಿದ್ದು 300ರ ಗೆರೆಗಿಂತ ಎಷ್ಟೋ ಕೆಳಗಿದೆ. ಮನೆಯಲ್ಲೇ ಸದಾ ಆಮ್ಲಜನಕ ಹಚ್ಚಿಕೊಳ್ಳುವ ಹಳೆಯ ರೋಗಿಗೆ ಮಾತ್ರ ಈ ಲೆಕ್ಕ ಅನ್ವಯಿಸಬೇಡಿ.

ಜೊತೆಗೆ ಮೈಯ ಶ್ರಮವೂ ದಾಖಲಾಗಿರಬೇಕು: ಉಸಿರಿನ ವೇಗ, ಕತ್ತಿನ ಸ್ನಾಯು ಎಳೆತ, ಪೂರ್ತಿ ವಾಕ್ಯ ಮಾತಾಡಲು ಆಗದಿರುವುದು. 'ರೆಸ್ಪಿರೇಟರಿ ಫೇಲ್ಯೂರ್' ಎಂದು ಬರೆದ ಪುಟದಲ್ಲೇ 'ಆರಾಮಾಗಿದ್ದಾರೆ, 2 ಲೀಟರ್ ಆಮ್ಲಜನಕ' ಎಂದಿದ್ದರೆ ತಿರಸ್ಕಾರ ಪತ್ರ ಬರುವುದು ನಿಶ್ಚಿತ ಎಂದೇ ಇಟ್ಟುಕೊಳ್ಳಿ. ಹಾರ್ಟ್ ಫೇಲ್ಯೂರ್ ಮತ್ತು ಉಸಿರಾಟದ ಸೋಲು ಎರಡೂ ಬಂದಾಗಲೇ ಇದ್ದರೆ ಯಾವುದು ಮೊದಲು ಎಂಬುದನ್ನು ಆ ದಾಖಲಾತಿಯ ಸಂದರ್ಭ ನಿರ್ಧರಿಸುತ್ತದೆ. ಎಂದೂ ಇದೇ ಮೊದಲು ಎಂಬ ನಿಯಮವಿಲ್ಲ, ತಂಡದಲ್ಲಿ ಯಾರಾದರೂ ಹಾಗೆ ಹೇಳಿಕೊಟ್ಟಿದ್ದರೆ ಮರೆತುಬಿಡಿ.

ಕ್ವೆರಿ ಬರೆಯುವ ಬಗೆ

ಕೆಟ್ಟ ಕ್ವೆರಿ ಹೀಗಿರುತ್ತದೆ: 'ರೋಗಿಗೆ ಅಕ್ಯೂಟ್ ಸಿಸ್ಟಾಲಿಕ್ ಹಾರ್ಟ್ ಫೇಲ್ಯೂರ್ ಇತ್ತು ಎಂದು ದಯವಿಟ್ಟು ದಾಖಲಿಸಿ.' ಉತ್ತರವನ್ನು ಬಾಯಿಗೆ ತುರುಕಿದಂತಾಯಿತು. ದರದ ಬಗ್ಗೆ, ಡಿಆರ್‌ಜಿ ಬಗ್ಗೆ ಒಂದಕ್ಷರವೂ ಇರಕೂಡದು.

ಕ್ವೆರಿ ಹೋಗುವುದು ಇಂಗ್ಲಿಷಿನಲ್ಲೇ, ಅದರ ಸಾರ ಹೀಗಿರಲಿ: 'ಎಮರ್ಜೆನ್ಸಿ ನೋಟ್‌ನಲ್ಲಿ ಫ್ಲ್ಯಾಶ್ ಪಲ್ಮನರಿ ಎಡಿಮಾ ಎಂದಿದೆ. ಉಸಿರು ನಿಮಿಷಕ್ಕೆ 34, ಆಮ್ಲಜನಕ ಶೇ. 84, ಬಿಪಿ 214/118, ಬಿಎನ್‌ಪಿ 1,850, ಎಕೋದಲ್ಲಿ ಫ್ರಾಕ್ಷನ್ ಶೇ. 55. ಫ್ಯುರೋಸೆಮೈಡ್ 80 ಮಿಲಿಗ್ರಾಂ ನರಕ್ಕೆ, ಬೈಪ್ಯಾಪ್ 6 ಗಂಟೆ. ನಿಮ್ಮ ಅಭಿಪ್ರಾಯದಲ್ಲಿ ಎಡಿಮಾದ ಕಾರಣವೇನು?' ಕೆಳಗೆ ಆಯ್ಕೆಗಳು: ಹಾರ್ಟ್ ಫೇಲ್ಯೂರ್‌ನಿಂದ (ವಿಧ ಮತ್ತು ಅವಸ್ಥೆ ತಿಳಿಸಿ), ಹಾರ್ಟ್ ಫೇಲ್ಯೂರ್ ಇಲ್ಲದೆ ಫ್ಲೂಯಿಡ್ ಓವರ್‌ಲೋಡ್‌ನಿಂದ, ಬೇರೆ ಕಾರಣ, ಹೇಳಲು ಸಾಧ್ಯವಿಲ್ಲ. ಕೊನೆಯ ಎರಡು ಆಯ್ಕೆ ಇಲ್ಲದ ಕ್ವೆರಿ ಅರ್ಧ ಕ್ವೆರಿ.

ಉತ್ತರದಲ್ಲಿ 'ಪ್ರಾಬಬಲ್', 'ಲೈಕ್ಲಿ' ಎಂದು ಬಂದರೆ ಗಾಬರಿ ಬೇಡ. ಇನ್‌ಪೇಶಂಟ್‌ನಲ್ಲಿ ಡಿಸ್ಚಾರ್ಜ್ ವೇಳೆಗೂ ಹಾಗೆಯೇ ಉಳಿದಿದ್ದರೆ ಇದೆ ಎಂದೇ ಕೋಡ್ ಮಾಡಬಹುದು. ಔಟ್‌ಪೇಶಂಟ್‌ನಲ್ಲಿ ಹಾಗಿಲ್ಲ, ಅಲ್ಲಿ ಲಕ್ಷಣಕ್ಕೇ ನಿಲ್ಲಬೇಕು.

ಬಂದಾಗ ಇತ್ತೇ, ಬಂದ ಮೇಲೆ ಆಯಿತೇ

ಪಿಓಎ (ದಾಖಲಾದಾಗಲೇ ಇತ್ತೇ ಎಂಬ) ಗುರುತು ಕಣ್ಣುಮುಚ್ಚಿ ವೈ, ಅಂದರೆ ಹೌದು, ಹಾಕುವ ಜಾಗವಲ್ಲ. ಸೊಂಟದ ಶಸ್ತ್ರಚಿಕಿತ್ಸೆಗೆ ಬಂದವರಿಗೆ ಎರಡನೇ ರಾತ್ರಿ, ಸಲೈನ್ ಹೆಚ್ಚಾಗಿ ಎಡಿಮಾ ಆದರೆ ಎನ್. ಬಂದಾಗ ಇತ್ತೋ ಇಲ್ಲವೋ ದಾಖಲೆಯಿಂದ ತಿಳಿಯದಿದ್ದರೆ ಯು, ವೈದ್ಯರಿಗೇ ನಿರ್ಧರಿಸಲು ಆಗದಿದ್ದರೆ ಡಬ್ಲ್ಯೂ. ಶಸ್ತ್ರಚಿಕಿತ್ಸೆಯ ನಂತರ ಆಯಿತು ಎಂಬ ಮಾತ್ರಕ್ಕೆ ಅದನ್ನು ಶಸ್ತ್ರಚಿಕಿತ್ಸೆಯ ಕಾಂಪ್ಲಿಕೇಶನ್ ಎಂದು ಕೋಡ್ ಮಾಡಬೇಡಿ. ಇದರಿಂದ ಅದು ಆಯಿತು ಎಂಬ ಕೊಂಡಿ ವೈದ್ಯರ ಬರಹದಲ್ಲಿರಬೇಕು.

ನಮ್ಮ ಆಸ್ಪತ್ರೆಗಳ ಎಂಆರ್‌ಡಿಯಲ್ಲಿ

ಕರ್ನಾಟಕದ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಬಳಸುವವರಿಗೆ ಜೆ81.0 ಸಿಗುವುದಿಲ್ಲ, ಅಲ್ಲಿ ಇರುವುದು ಬರಿ ಜೆ81. ಅಕ್ಯೂಟ್, ಕ್ರಾನಿಕ್ ಎಂದು ಒಡೆದದ್ದು ಅಮೆರಿಕದ ಆವೃತ್ತಿ. ಹೃದಯದ್ದಾದರೆ ಐ50.1 ಎಂಬುದು ಮಾತ್ರ ಎರಡರಲ್ಲೂ ಒಂದೇ. ಐಸಿಡಿ-11ರಲ್ಲಿ ಜೆ81ರ ಜಾಗದಲ್ಲಿರುವುದು ಸಿಬಿ01.

ಮರಣದ ಕಾರಣ ದೃಢೀಕರಿಸುವ ಫಾರಂ 4ರಲ್ಲಿಯೂ ಇದೇ ಪ್ರಶ್ನೆ ಎದುರಾಗುತ್ತದೆ. (ಎ) ಸಾಲಿನಲ್ಲಿ 'ಅಕ್ಯೂಟ್ ಪಲ್ಮನರಿ ಎಡಿಮಾ' ಎಂದು ಬರೆದು ಕೆಳಗಿನದನ್ನು ಖಾಲಿ ಬಿಟ್ಟರೆ ನೀರು ಎಲ್ಲಿಂದ ಬಂತು ಎಂಬುದು ಕಾಗದಕ್ಕೆ ಇಳಿಯುವುದೇ ಇಲ್ಲ. (ಎ) ಅಕ್ಯೂಟ್ ಪಲ್ಮನರಿ ಎಡಿಮಾ, 3 ಗಂಟೆ. (ಬಿ) ಅಕ್ಯೂಟ್ ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್, 1 ದಿನ. (ಸಿ) ಕರೋನರಿ ಆರ್ಟರಿ ಡಿಸೀಸ್, 8 ವರ್ಷ. ಸಕ್ಕರೆ ಕಾಯಿಲೆಯೂ ಇದ್ದು ಸಾವಿಗೆ ನೆರವಾಗಿದ್ದರೆ ಅದು ಎರಡನೇ ಭಾಗಕ್ಕೆ. ಅವಧಿಯ ಕಾಲಂ ಮೇಲಿನಿಂದ ಕೆಳಗೆ ದೊಡ್ಡದಾಗುತ್ತಾ ಹೋಗಬೇಕು. ಹಾಗಿಲ್ಲದಿದ್ದರೆ ಸಾಲುಗಳು ಅದಲುಬದಲಾಗಿವೆ ಎಂದು ತಿಳಿದು, ರಿಜಿಸ್ಟ್ರಾರ್‌ಗೆ ಹೋಗುವ ಮೊದಲೇ ಸಹಿ ಹಾಕಿದ ವೈದ್ಯರಿಗೆ ಹಿಂದಿರುಗಿಸಿ.